ಪ್ರಶ್ನೆ ಬ್ಯಾಂಕ್‌ನಲ್ಲಿ ತಪ್ಪು ಉತ್ತರಗಳನ್ನೂ ಓದಿ

ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್‌ಗಾಗಿ ವಿಮಾನಯಾನ ಇಲಾಖೆ, ಅಂದರೆ ಎಫ್‌ಎಎ, ನಡೆಸುವ ಲಿಖಿತ ಪರೀಕ್ಷೆಯಲ್ಲಿ 60 ಪ್ರಶ್ನೆ. ಒಂದೊಂದಕ್ಕೂ ಮೂರೇ ಆಯ್ಕೆ. ಪಾಸಾಗಲು ಶೇ. 70 ಸಾಕು. ಇಷ್ಟು ಕೇಳಿದ ಕೂಡಲೇ ಬಹಳಷ್ಟು ಮಂದಿ ಒಂದು ದಪ್ಪ ಪ್ರಶ್ನೆ ಬ್ಯಾಂಕ್ ತರಿಸಿಕೊಂಡು, ಇಲ್ಲವೇ ಆ್ಯಪ್ ಹಾಕಿಕೊಂಡು, ಸರಿ ಉತ್ತರಗಳನ್ನು ಉರು ಹೊಡೆಯಲು ಕೂರುತ್ತಾರೆ.

ಒಂದು ಕಾಲದಲ್ಲಿ ಇದಕ್ಕೆ ಅರ್ಥವಿತ್ತು. ಆಗ ಎಫ್‌ಎಎ ತನ್ನ ಪ್ರಶ್ನೆಗಳನ್ನೆಲ್ಲ ತಾನೇ ಪ್ರಕಟಿಸುತ್ತಿತ್ತು. ಈಗ ಹೊರಬಿಡುವುದು ಮಾದರಿ ಪ್ರಶ್ನೆಗಳನ್ನಷ್ಟೇ. ಹೀಗಾಗಿ ಪುಸ್ತಕದಲ್ಲಿರುವ ಪ್ರಶ್ನೆ ಪರೀಕ್ಷೆಯಲ್ಲೂ ಅದೇ ರೂಪದಲ್ಲಿ ಬರುತ್ತದೆಂದು ನಂಬುವಂತಿಲ್ಲ. ಅಂಕಿ ಬದಲಾಗಿರುತ್ತದೆ, ಆಯ್ಕೆಗಳ ಕ್ರಮ ಬದಲಾಗಿರುತ್ತದೆ, ಕೆಲವೊಮ್ಮೆ ಒಂದೇ ಒಂದು ಪದ ಬದಲಾಗಿ ಉತ್ತರವೇ ತಲೆಕೆಳಗಾಗುತ್ತದೆ.

ಪ್ರಶ್ನೆ ಬ್ಯಾಂಕ್ ಬೇಡವೇ ಬೇಡ ಎನ್ನುವವರ ಪಂಗಡಕ್ಕೆ ಈ ಅಂಕಣ ಸೇರಿದ್ದಲ್ಲ. ಅದನ್ನು ಓದುವ ರೀತಿ ಬೇರೆಯಾಗಬೇಕು, ಅಷ್ಟೇ. ಸರಿ ಉತ್ತರಕ್ಕಿಂತ ಹೆಚ್ಚು ಸರಕು ಉಳಿದೆರಡು ತಪ್ಪು ಉತ್ತರಗಳಲ್ಲಿ ಇರುತ್ತದೆ. ಅವನ್ನು ಯಾರೂ ಬಾಯಿಗೆ ಬಂದಂತೆ ಬರೆದಿರುವುದಿಲ್ಲ. ವಿದ್ಯಾರ್ಥಿ ಎಲ್ಲಿ ಎಡವುತ್ತಾನೆಂದು ಲೆಕ್ಕ ಹಾಕಿ ಅಲ್ಲೇ ಇಟ್ಟಿರುತ್ತಾರೆ.

ಮೋಡದ ತಳದ ಲೆಕ್ಕವನ್ನೇ ನೋಡಿ. ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 1,200 ಅಡಿ ಎತ್ತರದಲ್ಲಿದೆ. ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್, ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ, 15. ಕ್ಯುಮುಲಸ್ ಮೋಡದ ತಳ ಸಮುದ್ರಮಟ್ಟದಿಂದ ಸುಮಾರು ಎಷ್ಟು ಎತ್ತರದಲ್ಲಿರುತ್ತದೆ? ಆಯ್ಕೆಗಳು: 2,800 ಅಡಿ, 4,000 ಅಡಿ, 5,200 ಅಡಿ. ಮೇಲೇರುವ ಗಾಳಿಯಲ್ಲಿ ಉಷ್ಣಾಂಶವೂ ಡ್ಯೂ ಪಾಯಿಂಟೂ ಸಾವಿರ ಅಡಿಗೆ ಸುಮಾರು 2.5 ಡಿಗ್ರಿಯಂತೆ ಹತ್ತಿರವಾಗುತ್ತವೆ. ವ್ಯತ್ಯಾಸ 10, ಅದನ್ನು 2.5ರಿಂದ ಭಾಗಿಸಿದರೆ 4, ಅಂದರೆ 4,000 ಅಡಿ. ಆದರೆ ಇದು ನೆಲದಿಂದ ಅಳೆದ ಎತ್ತರ. ನಿಲ್ದಾಣದ 1,200 ಅಡಿ ಸೇರಿಸಿದರೆ 5,200. ಲೆಕ್ಕ ಸರಿ ಮಾಡಿಯೂ ‘ಸಮುದ್ರಮಟ್ಟದಿಂದ’ ಎಂಬ ಪದವನ್ನು ಹಾರಿಸಿ ಓದಿದವರಿಗಾಗಿ 4,000 ಕಾದಿದೆ. ಕೂಡಿಸುವ ಬದಲು ಕಳೆದವರಿಗೆ 2,800. ಇದನ್ನು ಬಿಡಿಸಿ ನೋಡಿದವರು ಅಂಕಿ ಏನೇ ಬದಲಾದರೂ ಉತ್ತರ ಹೇಳುತ್ತಾರೆ. ‘5,200’ ಎಂದು ಉರು ಹೊಡೆದವರು ‘ನೆಲದಿಂದ’ ಎಂದು ಕೇಳಿದ ದಿನವೂ ಅದಕ್ಕೇ ಗುರುತು ಹಾಕಿ ಬರುತ್ತಾರೆ.

ನಿಯಮಗಳ ಪ್ರಶ್ನೆಗಳಲ್ಲಿ ಈ ಬಲೆ ಇನ್ನೂ ನವಿರು. ‘ರಾತ್ರಿ’ ಎಂಬುದಕ್ಕೆ ಎಫ್‌ಎಎ ನಿಯಮಗಳಲ್ಲಿ ಒಂದೇ ಅರ್ಥವಿಲ್ಲ. ವಿಮಾನದ ರೆಕ್ಕೆ, ಬಾಲದ ಪೊಸಿಷನ್ ಲೈಟ್ ಹಚ್ಚುವುದು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ. ಲಾಗ್‌ಬುಕ್‌ನಲ್ಲಿ ರಾತ್ರಿ ಹಾರಾಟವೆಂದು ಬರೆಯುವುದು ಸಂಜೆಯ ಸಿವಿಲ್ ಟ್ವಿಲೈಟ್ (ಸೂರ್ಯ ಮುಳುಗಿದ ಮೇಲೂ ಉಳಿಯುವ ಮಬ್ಬು ಬೆಳಕು) ಮುಗಿದಲ್ಲಿಂದ ಬೆಳಗಿನದು ಶುರುವಾಗುವವರೆಗೆ. ಪ್ರಯಾಣಿಕರನ್ನು ಕೂರಿಸಿಕೊಳ್ಳುವ ವಿಷಯಕ್ಕೆ ಬಂದರೆ ರಾತ್ರಿ ಶುರುವಾಗುವುದು ಸೂರ್ಯಾಸ್ತದ ಒಂದು ಗಂಟೆಯ ನಂತರ, ಮುಗಿಯುವುದು ಸೂರ್ಯೋದಯಕ್ಕೆ ಒಂದು ಗಂಟೆ ಮೊದಲು. ಆ ಅವಧಿಯಲ್ಲಿ ಅವರನ್ನು ಒಯ್ಯಬೇಕಾದರೆ ಹಿಂದಿನ 90 ದಿನಗಳಲ್ಲಿ ಅದೇ ಅವಧಿಯೊಳಗೆ ಮೂರು ಟೇಕಾಫ್ ಮತ್ತು ಪೂರ್ತಿ ನಿಲ್ಲಿಸಿದ ಮೂರು ಲ್ಯಾಂಡಿಂಗ್ ಆಗಿರಬೇಕು. ಈಗ ಪ್ರಶ್ನೆ: ಸೂರ್ಯಾಸ್ತ 7:10ಕ್ಕೆ, ಟ್ವಿಲೈಟ್ ಮುಗಿಯುವುದು 7:38ಕ್ಕೆ. ರಾತ್ರಿ ಲ್ಯಾಂಡಿಂಗ್ ಬಾಕಿಯಿರುವ ಪೈಲಟ್ ಪ್ರಯಾಣಿಕರೊಂದಿಗೆ ಎಷ್ಟರೊಳಗೆ ಇಳಿಯಬೇಕು? ಆಯ್ಕೆಗಳು 7:10, 7:38, 8:10. ಮೂರೂ ಯಾವುದೋ ಒಂದು ನಿಯಮಕ್ಕೆ ಸರಿಯೇ. ಈ ಪ್ರಶ್ನೆಗೆ ಮಾತ್ರ 8:10. ಪಕ್ಕದ ಎರಡು ಆಯ್ಕೆ ಯಾವ ಪ್ರಶ್ನೆಗೆ ಸರಿಯಾಗುತ್ತಿದ್ದವು ಎಂದು ಅಲ್ಲೇ ಕೇಳಿಕೊಂಡರೆ ಒಂದೇ ಏಟಿಗೆ ಮೂರು ನಿಯಮ ಕಲಿತಂತೆ.

ಎಂಜಿನ್‌ಗೆ ಗಾಳಿ, ಇಂಧನ ಬೆರೆಸಿ ಕಳಿಸುವ ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟಿದಾಗ ಮೊದಲು ಕಾಣುವ ಸೂಚನೆ ಯಾವುದು ಎಂಬುದೂ ಇಂಥದೇ. ಫಿಕ್ಸೆಡ್ ಪಿಚ್, ಅಂದರೆ ಅಲಗಿನ ಕೋನ ಬದಲಾಗದ ಪ್ರೊಪೆಲರ್ ಇದ್ದರೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ತಿರುಗುವ ಸುತ್ತು, ಇಳಿಯುತ್ತದೆ. ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲರ್ ಆದರೆ ಅಲಗಿನ ಕೋನ ಬದಲಿಸುವ ಗವರ್ನರ್ ಆರ್‌ಪಿಎಂ ಹಿಡಿದಿಟ್ಟಿರುತ್ತದೆ, ಬೀಳುವುದು ಮ್ಯಾನಿಫೋಲ್ಡ್ ಪ್ರೆಶರ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ. ಪ್ರಶ್ನೆಯಲ್ಲಿ ಪ್ರೊಪೆಲರ್ ಯಾವುದೆಂದು ನೋಡದವರು ಪಕ್ಕದ ಆಯ್ಕೆಗೆ ಬೀಳುತ್ತಾರೆ.

ಇನ್ನು ಓದುವ ಕ್ರಮ. ಮೊದಲು ಎಫ್‌ಎಎಯ ಕೈಪಿಡಿಯಲ್ಲಿ ಒಂದು ಅಧ್ಯಾಯ ಓದಿ, ಆಮೇಲೆ ಆ ಅಧ್ಯಾಯದ ಪ್ರಶ್ನೆಗಳಿಗೆ ಕೈಹಾಕಿ. ಆಯ್ಕೆಗಳ ಮೇಲೆ ಕಾಗದ ಮುಚ್ಚಿ, ಉತ್ತರ ಏನಿರಬಹುದೆಂದು ಮೊದಲು ನೀವೇ ಹೇಳಿಕೊಳ್ಳಿ. ಗುರುತು ಹಾಕುವಾಗ ಪಕ್ಕದಲ್ಲಿ ‘ಗೊತ್ತು’ ಅಥವಾ ‘ಊಹೆ’ ಎಂದು ಬರೆಯಿರಿ. ಊಹೆ ಸರಿಯಾಗಿದ್ದರೂ ಅದನ್ನು ತಪ್ಪಿನ ಲೆಕ್ಕಕ್ಕೇ ಸೇರಿಸಿ. ಆ್ಯಪ್‌ನ ಹಸಿರು ಟಿಕ್ ಇಲ್ಲೇ ಮೋಸ ಮಾಡುವುದು: ಗೊತ್ತಿದ್ದು ಬರೆದದ್ದಕ್ಕೂ ಕತ್ತಲಲ್ಲಿ ಎಸೆದ ಕಲ್ಲಿಗೂ ಅದು ಒಂದೇ ಬಣ್ಣ ಕೊಡುತ್ತದೆ.

ತಪ್ಪಾದವುಗಳಿಗೆ ಬೇರೆ ಪುಸ್ತಕವಿರಲಿ. ವಿಷಯ ಗೊತ್ತಿರಲಿಲ್ಲವೋ, ಪ್ರಶ್ನೆ ಸರಿಯಾಗಿ ಓದಲಿಲ್ಲವೋ, ಕೂಡುವ ಕಳೆಯುವಲ್ಲಿ ಎಡವಿದಿರೋ ಎಂದು ಬರೆಯಿರಿ. ಮೂರಕ್ಕೂ ಮದ್ದು ಬೇರೆ ಬೇರೆ. ಗೊತ್ತಿಲ್ಲದಿದ್ದರೆ ಕೈಪಿಡಿಗೆ ವಾಪಸ್; ಓದುವ ಅವಸರಕ್ಕೆ ಕೈಪಿಡಿ ಏನೂ ಮಾಡಲಾರದು. ಇದೇ ಪ್ರಶ್ನೆಗಳಿಗೆ ಮರುದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಬನ್ನಿ. ಒಂದೇ ಸಂಜೆ ಹತ್ತು ಸಲ ಮಾಡಿದರೆ ನೆನಪಿನಲ್ಲಿ ಉಳಿಯುವುದು ವಿಷಯವಲ್ಲ, ‘ಎರಡನೇ ಆಯ್ಕೆ, ಉದ್ದನೆಯ ವಾಕ್ಯ’ ಎಂಬ ಚಿತ್ರ. ಎಲ್ಲ ವಿಷಯ ಕಲಸಿದ 60 ಪ್ರಶ್ನೆಗಳ ಮಾದರಿ ಪರೀಕ್ಷೆಯಲ್ಲಿ ಸತತ ಮೂರು ಸಲ ಶೇ. 85 ದಾಟುವವರೆಗೆ ದಿನಾಂಕ ಗೊತ್ತು ಮಾಡಬೇಡಿ. ಅಂಚಿನಲ್ಲಿ 72 ಬರುವವರು ಪರೀಕ್ಷಾ ಕೇಂದ್ರದ ಒತ್ತಡಕ್ಕೆ ಕೆಳಗೆ ಜಾರಬಹುದು.

ಚಾರ್ಟು, ಗ್ರಾಫುಗಳಿಗೆ ಪರೀಕ್ಷೆಯಲ್ಲಿ ಪ್ರತ್ಯೇಕ ಸಪ್ಲಿಮೆಂಟ್ ಪುಸ್ತಕ ಕೊಡುತ್ತಾರೆ. ಅದನ್ನು ಎಫ್‌ಎಎ ಉಚಿತವಾಗಿಯೇ ಪ್ರಕಟಿಸಿದೆ, ಹಾಗಾಗಿ ಮೊದಲಿನಿಂದಲೂ ಅದರಲ್ಲೇ ಅಭ್ಯಾಸ ಮಾಡಿ. ಅದರ ಆರಂಭದಲ್ಲಿ ಸೆಕ್ಷನಲ್ ಚಾರ್ಟಿನ, ಅಂದರೆ ಪೈಲಟ್‌ಗಳು ಬಳಸುವ ನಕ್ಷೆಯ, ಚಿಹ್ನೆಗಳ ಅರ್ಥವೆಲ್ಲ ಇದೆ. ಅದನ್ನು ಬಾಯಿಪಾಠ ಮಾಡುತ್ತಾ ಕೂತವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ.

ಪುಸ್ತಕ ಹಳೆಯದಾದರೆ ಇನ್ನೊಂದು ತೊಂದರೆ. ಅಮೆರಿಕದ ಮುಖ್ಯ ಭೂಭಾಗಕ್ಕೆ ಪಠ್ಯರೂಪದಲ್ಲಿ ಬರುತ್ತಿದ್ದ ಏರಿಯಾ ಫೋರ್‌ಕಾಸ್ಟ್ ಎಂಬ ಹವಾಮಾನ ಮುನ್ಸೂಚನೆ 2017ರಲ್ಲಿ ನಿಂತಿತು. ಫ್ಲೈಟ್ ಪ್ಲಾನ್ 2019ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ನಮೂನೆಗೆ ಬದಲಾಯಿತು. ಅಣ್ಣನೋ ಗೆಳೆಯನೋ ಕೊಟ್ಟ ಪ್ರತಿಯಲ್ಲಿ ಇವುಗಳ ಹಳೆಯ ಪ್ರಶ್ನೆಗಳಿದ್ದರೆ ಅದನ್ನು ಪಕ್ಕಕ್ಕಿಡಿ.

ಪರೀಕ್ಷೆ ಮುಗಿದ ಮೇಲೆ ಕೈಗೆ ಬರುವ ಫಲಿತಾಂಶದ ಹಾಳೆ 24 ಕ್ಯಾಲೆಂಡರ್ ತಿಂಗಳು ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಪ್ರಾಯೋಗಿಕ ಪರೀಕ್ಷೆ ಮುಗಿಸಬೇಕು. ಫೇಲಾದರೆ ಬೋಧಕರಿಂದ ಮತ್ತೆ ಪಾಠ ಹೇಳಿಸಿಕೊಂಡು, ಅವರ ಸಹಿ ಪಡೆದೇ ಮರುಪರೀಕ್ಷೆ. ಪಾಸಾದರೂ ತಪ್ಪಿದ ಪ್ರಶ್ನೆಗಳ ಜಾಗದಲ್ಲಿ ಕೋಡ್‌ಗಳು ಅಚ್ಚಾಗಿರುತ್ತವೆ, ‘ಪಿಎ.ಐ.ಸಿ’ ಎಂದು ಶುರುವಾದರೆ ಹವಾಮಾನ ಮಾಹಿತಿ. ಪ್ರಾಯೋಗಿಕ ಪರೀಕ್ಷೆಯ ದಿನ ಪರೀಕ್ಷಕರು ಇದೇ ಹಾಳೆ ಮುಂದಿಟ್ಟುಕೊಂಡು ಆ ವಿಷಯಗಳನ್ನು ಬಾಯಲ್ಲೇ ಕೇಳುತ್ತಾರೆ. ಅಲ್ಲಿ ಆರಿಸಲು ಮೂರು ಆಯ್ಕೆ ಇರುವುದಿಲ್ಲ.