ಬಿಪಿ ನಾರ್ಮಲ್ ಬಂತಲ್ಲ, ಗುಳಿಗೆ ಬಿಡಬಹುದಾ?

"ಮೇಡಂ, ಬಿಪಿ ನಾರ್ಮಲ್ ಐತಿ ಅಂದ್ರಿ. ಇನ್ನ ಗುಳಿಗೆ ಬಿಡ್ಲಾ? ಜಾಸ್ತಿ ದಿನ ನುಂಗಿದ್ರೆ ಕಿಡ್ನಿ ಹೋಗ್ತಾವಂತೆ."

ಜಗಳೂರು ಕಡೆಯ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಮಾತು ಕೇಳದೆ ಒಂದು ಬೆಳಿಗ್ಗೆಯೂ ಕಳೆಯುವುದಿಲ್ಲ. ಫೋನಿನಲ್ಲೂ ಇದೇ ಪ್ರಶ್ನೆ. ಮದುವೆ ಊಟಕ್ಕೆ ಕೂತರೆ ಹೋಳಿಗೆ ಬಡಿಸಲು ಬಂದವರೂ ಸೌಟು ಹಿಡಿದು ನಿಂತು ಇದನ್ನೇ ಕೇಳುತ್ತಾರೆ. ಹಾಗಾಗಿ ಒಂದು ಸಲ ಬರೆದಿಟ್ಟುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಚಿಕ್ಕದು: ನೀವಾಗಿಯೇ ಬಿಡಬೇಡಿ. 170 ಇದ್ದದ್ದು 128ಕ್ಕೆ ಬಂದಿರುವುದು ಗುಳಿಗೆಯಿಂದ. ಇಲ್ಲಿ ಹೆಚ್ಚಿನವರಿಗೆ ಮೊದಲು ಕೊಡುವುದು ಅಮ್ಲೋಡಿಪಿನ್ 5. ಅದು ಮೈಯಿಂದ ಬಹಳ ನಿಧಾನವಾಗಿ ಖಾಲಿಯಾಗುತ್ತದೆ. ಅರ್ಧ ಇಳಿಯುವುದಕ್ಕೇ 30ರಿಂದ 50 ಗಂಟೆ ಬೇಕು. ಆದ್ದರಿಂದ ಬಿಟ್ಟ ಎರಡು ದಿನ ಏನೂ ಆಗುವುದಿಲ್ಲ. "ನೋಡಿ, ಬಿಟ್ಟೆ, ಗಟ್ಟಿಯಾಗಿಯೇ ಇದ್ದೀನಿ" ಅಂತ ಜನ ಖುಷಿಯಾಗುತ್ತಾರೆ. ಆಮೇಲೆ ಬಿಪಿ ಸದ್ದಿಲ್ಲದೆ ಹಳೇ ಜಾಗಕ್ಕೆ ಏರುತ್ತದೆ. ಏರಿದ್ದೂ ಗೊತ್ತಾಗುವುದಿಲ್ಲ. 180 ಇಟ್ಟುಕೊಂಡು ಮೆಕ್ಕೆಜೋಳದ ಮೂಟೆ ಹೊತ್ತವರನ್ನು ನಾನೇ ನೋಡಿದ್ದೇನೆ. ತಲೆ ಭಾರ ಅನ್ನಿಸಿದ ದಿನ ಮಾತ್ರ ಒಂದು ನುಂಗುವವರಿಗೂ ಇದೇ ಉತ್ತರ. ಈ ಗುಳಿಗೆ ಪೂರ್ತಿ ಹಿಡಿತಕ್ಕೆ ಬರಲು ಒಂದು ವಾರವಾದರೂ ಬೇಕು.

ಇನ್ನು ಕಿಡ್ನಿ ವಿಷಯ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಒಂದೊಂದು ಕಿಡ್ನಿಯಲ್ಲೂ ಸೋಸುವ ಸಣ್ಣ ಸಣ್ಣ ಜಾಲರಿಗಳು ಸುಮಾರು ಹತ್ತು ಲಕ್ಷ ಇರುತ್ತವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಬಹುಪಾಲು ವಾಪಸ್ ರಕ್ತಕ್ಕೇ ಹೋಗುತ್ತದೆ, ಒಂದೆರಡು ಲೀಟರ್ ಮಾತ್ರ ಮೂತ್ರ. ನಮ್ಮ ಕಡೆ ಅಡಿಕೆ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಮುಂದಿನದನ್ನು ಹೇಳಿಕೊಡಬೇಕಾಗಿಲ್ಲ. ಮೋಟಾರಿನ ಪ್ರೆಷರ್ ಜಾಸ್ತಿಯಾದರೆ ಮೊದಲು ಹಾಳಾಗುವುದು ದಪ್ಪ ಪೈಪಾ, ಸಣ್ಣ ಪೈಪಾ? ಕಿಡ್ನಿಯ ಜಾಲರಿಗಳು ಆ ಸಣ್ಣ ಪೈಪಿಗಿಂತಲೂ ಎಷ್ಟೋ ಸಣ್ಣವು. ವರ್ಷಗಟ್ಟಲೆ 160, 170ರ ಒತ್ತಡ ತಿಂದರೆ ಒಂದೊಂದಾಗಿ ಗಟ್ಟಿಯಾಗಿ ಮುಚ್ಚಿಹೋಗುತ್ತವೆ. ಕಿಡ್ನಿ ಕೆಡಿಸುವ ಕಾರಣಗಳಲ್ಲಿ ಸಕ್ಕರೆ ಕಾಯಿಲೆ ಮೊದಲು ನಿಲ್ಲುತ್ತದೆ, ಅದರ ಬೆನ್ನಿಗೇ ಬಿಪಿ. ಗುಳಿಗೆ ಮಾಡುವುದು ಮೋಟಾರಿನ ಪ್ರೆಷರ್ ಇಳಿಸುವ ಕೆಲಸ. ಅಮ್ಲೋಡಿಪಿನ್ ಸಾಲದಿದ್ದಾಗ ಸೇರಿಸುವ ಟೆಲ್ಮಿಸಾರ್ಟಾನನ್ನಂತೂ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವ ಸಕ್ಕರೆ ರೋಗಿಗಳಿಗೆ ಕಿಡ್ನಿ ಉಳಿಸಲೆಂದೇ ಕೊಡುತ್ತಾರೆ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಜನ ಸುಮ್ನೆ ಹೇಳುವುದಿಲ್ಲ, ಅವರ ಕಣ್ಣಿಗೆ ಏನೋ ಬಿದ್ದಿರುತ್ತದೆ. "ನಮ್ಮ ಭಾವ ಬಿಪಿ ಗುಳಿಗೆ ನುಂಗ್ತಿದ್ರು, ಈಗ ದಾವಣಗೆರೆಗೆ ಡಯಾಲಿಸಿಸ್‌ಗೆ ಹೋಗ್ತಾರೆ" ಅನ್ನುತ್ತಾರೆ. ನಿಜವೇ ಇರಬಹುದು. ಆದರೆ ಭಾವನಿಗೆ ಬಿಪಿ ಇರುವುದು ಗೊತ್ತಾದದ್ದು ಯಾವಾಗ? ಎಷ್ಟೋ ವರ್ಷ ನೋಡಿಸದೆ, ಕಡೆಗೆ ಮುಖ ಊದಿಕೊಂಡ ಮೇಲೆ. ಗುಳಿಗೆ ಶುರುವಾಗುವಾಗಲೇ ಕಿಡ್ನಿ ಅರ್ಧ ಸೋತಿತ್ತು. ಊರಿನವರ ಕಣ್ಣಿಗೆ ಬಿದ್ದದ್ದು ಗುಳಿಗೆ ಮಾತ್ರ.

ಇನ್ನೊಂದು ಕಾರಣ ಕಾಲು ಬಾವು. ಅಮ್ಲೋಡಿಪಿನ್ ತಗೊಳ್ಳುವ ಕೆಲವರಿಗೆ, ಅದರಲ್ಲೂ 10 ಮಿಲಿಗ್ರಾಂ ತಗೊಳ್ಳುವವರಿಗೆ, ಸಂಜೆ ಹೊತ್ತಿಗೆ ಪಾದದ ಗಂಟಿನ ಹತ್ತಿರ ಊದುತ್ತದೆ. ಸಣ್ಣ ರಕ್ತನಾಳಗಳು ಅಗಲವಾಗಿ ಅಲ್ಲಿ ನೀರು ಜಿನುಗುವುದರಿಂದ ಹೀಗಾಗುತ್ತದೆ. ಕಿಡ್ನಿ ರೋಗಿಗಳ ಕಾಲೂ ಊದುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಎರಡನ್ನೂ ಕೂಡಿಸಿ ಲೆಕ್ಕ ಹಾಕಿಬಿಡುತ್ತಾರೆ. ಕಾಲು ಊದಿದರೆ ಬಂದು ತೋರಿಸಿ. ಬೇರೆ ಕಾರಣ ಇದೆಯಾ ನೋಡುತ್ತೇವೆ. ಗುಳಿಗೆಯಿಂದಲೇ ಆದರೆ ಡೋಸ್ ಇಳಿಸುತ್ತೇವೆ, ಇಲ್ಲವೇ ಗುಳಿಗೆ ಬದಲಿಸುತ್ತೇವೆ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ಸಂಗತಿ. ಒಬ್ಬ ಯಜಮಾನರು ಕಿಡ್ನಿ ಉಳಿಸಿಕೊಳ್ಳಬೇಕು ಅಂತ ಮೂರು ತಿಂಗಳು ಬಿಪಿ ಗುಳಿಗೆ ಬಿಟ್ಟಿದ್ದರು. ಚೀಟಿ ತೆಗೆಯಲು ಅಂಗಿ ಜೇಬಿಗೆ ಕೈ ಹಾಕಿದರೆ ಹೊರಗೆ ಬಂದದ್ದು ಮಂಡಿನೋವಿನ ಡೈಕ್ಲೋಫಿನ್ಯಾಕ್ ಸ್ಟ್ರಿಪ್. ದಿನಕ್ಕೆರಡು, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು. "ಅದು ಬರೀ ನೋವಿನ ಗುಳಿಗೆ ಮೇಡಂ" ಅಂದರು. ಅಯ್ಯೋ ಯಜಮಾನ್ರೇ, ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುವುದು ಅದೇ! ಬಿಪಿ ಏರಿಸುವುದೂ ಅದೇ, ಬಿಪಿ ಗುಳಿಗೆಯ ಕೆಲಸ ಕೆಡಿಸುವುದೂ ಅದೇ. ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಗುಳಿಗೆ, ಜೊತೆಗೆ ಇದು, ಮೂರೂ ಸೇರಿದರೆ ಕಿಡ್ನಿಗೆ ಒಮ್ಮೆಲೇ ಪೆಟ್ಟು ಬೀಳಬಹುದು. ಊರೆಲ್ಲ ಹೆದರುವುದು ಕಾಪಾಡುವ ಗುಳಿಗೆಗೆ, ನಂಬುವುದು ಕೆಡಿಸುವ ಗುಳಿಗೆಯನ್ನು.

ಹಾಗಂತ ಬಿಪಿ ಗುಳಿಗೆಗೆ ಪರೀಕ್ಷೆಯೇ ಬೇಡ ಅಂತಲ್ಲ. ಟೆಲ್ಮಿಸಾರ್ಟಾನ್ ಶುರು ಮಾಡಿದಾಗ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ), ಪೊಟ್ಯಾಸಿಯಂ ಎಷ್ಟಿದೆ ಅಂತ ನೋಡಿಸಬೇಕು. ಗರ್ಭಿಣಿಯರಿಗೆ ಆ ಗುಳಿಗೆ ಬೇಡವೇ ಬೇಡ. ವಾಂತಿ ಭೇದಿ ಶುರುವಾದ ದಿನ ನುಂಗಬೇಕಾ ಬಿಡಬೇಕಾ ಅಂತ ಸಿಸ್ಟರಿಗೆ ಒಂದು ಫೋನ್ ಮಾಡಿ.

ಜೀವನಪೂರ್ತಿ ಇಷ್ಟೇ ಡೋಸಾ? ಹಾಗೇನೂ ಇಲ್ಲ. ತೂಕ ಒಂದು ಕೆಜಿ ಇಳಿದರೆ ಬಿಪಿ ಸುಮಾರು ಒಂದು ಪಾಯಿಂಟ್ ಇಳಿಯುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕು, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಂಡಕ್ಕಿ ಮಿರ್ಚಿ ಎಲ್ಲ ಆ ಚಮಚದೊಳಗೇ. ಸೈಂಧವ ಲವಣವೂ ಉಪ್ಪೇ, ದಯವಿಟ್ಟು ಆ ಚರ್ಚೆ ತೆಗೆಯಬೇಡಿ. ಬೇಸಿಗೆಯಲ್ಲಿ ಬಿಪಿ ಸ್ವಲ್ಪ ತಗ್ಗುವುದೂ ಉಂಟು. ಎದ್ದು ನಿಂತಾಗ ತಲೆ ಸುತ್ತಿದರೆ ಹೇಳಿ, ಇಳಿಸೋಣ. ಇಳಿಸುವುದು ನೋಡಿ ಮಾಡುವ ಕೆಲಸ, ನೀವೇ ಬಿಡುವುದು ಬೇರೆ.

ಯಾರೂ ಕೇಳದ ಒಂದು ಪ್ರಶ್ನೆ ಇದೆ, ನಾನೇ ಕೇಳಿಕೊಳ್ಳುತ್ತೇನೆ. ಆ "ನಾರ್ಮಲ್" ನಿಜವಾ? ಬಸ್ಸಿಳಿದು ಓಡಿ ಬಂದು, ಚೀಟಿಗೆ ಜಗಳ ಆಡಿ, ತಕ್ಷಣ ಕೈ ಚಾಚಿದರೆ ಬರುವ ಅಂಕಿಯನ್ನು ನಾನು ನಂಬುವುದಿಲ್ಲ. ಐದು ನಿಮಿಷ ಬೆನ್ನು ಆನಿಸಿ ಕೂತುಕೊಳ್ಳಿ. ಎರಡೂ ಪಾದ ನೆಲದ ಮೇಲಿರಲಿ. ಕೈ ಎದೆಯ ಮಟ್ಟಕ್ಕೆ, ಟೇಬಲ್ ಮೇಲೆ. ಮೂತ್ರಕ್ಕೆ ಹೋಗಿ ಬಂದಿರಬೇಕು. ಅರ್ಧ ಗಂಟೆ ಮೊದಲಿನಿಂದ ಚಹಾ, ಬೀಡಿ ಬೇಡ. ಪಟ್ಟಿ ಸುತ್ತಿದ ಮೇಲೆ ಮಗಳ ಸಂಬಂಧದ ಸುದ್ದಿಯೂ ಬೇಡ, ಮಾತಾಡಿದರೇ ಹತ್ತು ಪಾಯಿಂಟ್ ಏರಬಹುದು. ಅಂಗಿ ತೋಳನ್ನು ಬಿಗಿಯಾಗಿ ಮೇಲೆ ಮಡಚಬೇಡಿ, ಒಂದು ತೋಳು ಬಿಚ್ಚಿಬಿಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣುತ್ತದೆ, ದೊಡ್ಡದು ಕೇಳಿ. ಎರಡು ಸಲ ನೋಡಿಸಿ. ಆಸ್ಪತ್ರೆಯಲ್ಲಿ 140/90ಕ್ಕಿಂತ ಕೆಳಗಿರಬೇಕು, ಮನೆಯ ಮಷೀನಿನಲ್ಲಿ 135/85ಕ್ಕಿಂತ ಕೆಳಗೆ.

ಕೆಲವರು ಪರೀಕ್ಷೆಗೆ ಬರುವ ದಿನ ಗುಳಿಗೆ ನುಂಗದೆ ಬರುತ್ತಾರೆ. "ಗುಳಿಗೆ ಇಲ್ದೆ ಎಷ್ಟೈತಿ ನೋಡೋಣ ಅಂತ" ಅನ್ನುತ್ತಾರೆ. ನಮಗೆ ಬೇಕಾಗಿರುವುದು ಗುಳಿಗೆ ಇದ್ದಾಗ ಎಷ್ಟಿದೆ ಅನ್ನುವುದು. ನುಂಗಿಯೇ ಬನ್ನಿ. ತಿಂಗಳ ಗುಳಿಗೆ ಮುಗಿಯಲು ಎರಡು ದಿನ ಇರುವಾಗಲೇ ಬನ್ನಿ. ಸಂತೆ ದಿನ ಮಾತ್ರ ಬೇಡ, ಅವತ್ತು ಐದು ನಿಮಿಷ ಸುಮ್ನೆ ಕೂರಿಸಲು ಒಂದು ಕುರ್ಚಿಯೂ ಖಾಲಿ ಇರುವುದಿಲ್ಲ.