ಕಾಮಿಕ್ಸ್ ಓದುವಾಗ ಕಣ್ಣು ಎಲ್ಲಿ ಎಡವುತ್ತದೆ?

ಹೊಸ ಕಾಮಿಕ್ಸ್ ಪುಸ್ತಕ ಕೈಗೆ ಬಂದಾಗ ಮೊದಲ ಸುತ್ತಿನಲ್ಲಿ ನಾನು ಒಂದಕ್ಷರವನ್ನೂ ಓದುವುದಿಲ್ಲ. ಮಾತಿನ ಬಲೂನುಗಳ ಕಡೆ ಕಣ್ಣು ಹಾಯಿಸದೆ, ಬರೀ ಚಿತ್ರ ನೋಡುತ್ತಾ ಕೊನೆಯ ಪುಟದವರೆಗೆ ಹೋಗುತ್ತೇನೆ. ಯಾರಿಗೆ ಯಾರ ಮೇಲೆ ಸಿಟ್ಟು ಬಂತು, ಯಾರು ಏನನ್ನು ಬಚ್ಚಿಟ್ಟರು, ಎಲ್ಲಿ ರಾತ್ರಿಯಾಯಿತು. ಇಷ್ಟು ಗೊತ್ತಾದರೆ ಸಾಕು. ಆಮೇಲೆ ಟೀ ಮಾಡಿಕೊಂಡು ಬಂದು, ಮಾತಿನ ಸಮೇತ ಓದಲು ಕೂರುತ್ತೇನೆ.

20 ವರ್ಷದಿಂದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದೇನೆ. ನಡುವೆ ಅನುವಾದದ ಕಾಮಿಕ್ಸ್‌ಗಳಿಗೆ ಕನ್ನಡ ಅಕ್ಷರ ಕೂರಿಸುವ ಕೆಲಸವನ್ನೂ ಮಾಡಿದೆ. ಈಗ ಹೊಸ ಪುಸ್ತಕ ನೋಡಿ ಅಭಿಪ್ರಾಯ ಬರೆಯುವುದೂ ಸೇರಿಕೊಂಡಿದೆ. ವಿಮರ್ಶೆಗಳಲ್ಲಿ ಪದೇ ಪದೇ ಕಾಣುವ ಸಾಲೊಂದಿದೆ: "ಕಥೆ ಚೆನ್ನಾಗಿದೆ, ಚಿತ್ರಗಳು ಅದ್ಭುತವಾಗಿವೆ." ಓದಿದಾಗಲೆಲ್ಲ ಬೇಸರವಾಗುತ್ತದೆ. ಅನ್ನ ಚೆನ್ನಾಗಿತ್ತು, ಸಾರೂ ಚೆನ್ನಾಗಿತ್ತು ಅಂದ ಹಾಗಾಯಿತು. ಕಲಸಿಕೊಂಡು ಉಂಡಾಗ ಹೇಗಿತ್ತು ಅನ್ನುವುದು ಮುಖ್ಯ ಅಲ್ವಾ?

ಈಚೆಗೆ ಬಂದ ಒಂದು ಪುಸ್ತಕದ ವಿಷಯ ಹೇಳುತ್ತೇನೆ. ಹೆಸರು ಬೇಡ. ಅದರ ಒಂದೊಂದು ಚಿತ್ರವನ್ನೂ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಬಹುದು, ಅಷ್ಟು ಚಂದ. ಆದರೆ ಒಂಬತ್ತನೇ ಪುಟದಲ್ಲಿ ನನ್ನ ಕಣ್ಣು ಎಡವಿತು. ಹುಡುಗಿ ಬಾವಿಕಟ್ಟೆಯ ಮೇಲೆ ಬಿಂದಿಗೆ ಇಡುತ್ತಾಳೆ. ಎರಡನೇ ಚೌಕಟ್ಟಿನಲ್ಲಿ ಅವಳ ಅಣ್ಣ ಎಡಗಡೆಯಿಂದ ಬರುತ್ತಾನೆ, ಇವಳು ಬಲಕ್ಕೆ ಇದ್ದಾಳೆ. ಮೂರನೆಯದರಲ್ಲಿ ಇವಳು ಎಡಕ್ಕೆ, ಅವನು ಬಲಕ್ಕೆ. ಯಾವಾಗ ಜಾಗ ಬದಲಾಯಿಸಿದರು? ನಾಲ್ಕನೆಯದರಲ್ಲಿ ಅವಳು ಓಡುತ್ತಿದ್ದಾಳೆ. ಅಣ್ಣನಿಂದ ದೂರ ಓಡುತ್ತಿದ್ದಾಳೋ, ಅವನ ಕಡೆಗೇ ಓಡುತ್ತಿದ್ದಾಳೋ? ಎರಡು ಸಲ ಹಿಂದಕ್ಕೆ ಹೋಗಿ ನೋಡಿದೆ. ಇಡೀ ಕಥೆ ನಿಂತಿರುವುದೇ ಆ ಓಟದ ಮೇಲೆ. ಅಲ್ಲಿ ಓದುಗ ತಡವರಿಸಿದರೆ ಮುಂದಿನ ಮೂವತ್ತು ಪುಟ ಎಷ್ಟು ಚಂದ ಇದ್ದರೂ ಆ ನಷ್ಟ ತುಂಬುವುದಿಲ್ಲ.

ಚಿತ್ರದಲ್ಲಿ ಕಥೆ ಹೇಳುವವರಿಗೆ ದಿಕ್ಕಿನ ಅರಿವು ಬೇಕು. ಇದು ಕಾಮಿಕ್ಸ್ ಬಂದ ಮೇಲೆ ಹುಟ್ಟಿದ ವಿಚಾರ ಅಲ್ಲ. ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗಿ ನೋಡಿ. ಅಲ್ಲಿನ ಅಮೃತೇಶ್ವರ ದೇವಸ್ಥಾನ 1196ರದ್ದು, ಇಮ್ಮಡಿ ವೀರಬಲ್ಲಾಳನ ಕಾಲದ್ದು. ಮಂಟಪದ ಹೊರಗೋಡೆಯ ದಕ್ಷಿಣದ ಬದಿಯಲ್ಲಿ 70 ಫಲಕಗಳಲ್ಲಿ ರಾಮಾಯಣ ಇದೆ. ಉತ್ತರದ ಬದಿಯಲ್ಲಿ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45 ಫಲಕ. ಹೊಯ್ಸಳರ ಗುಡಿಗಳಲ್ಲಿ ಕಥೆ ಸಾಮಾನ್ಯವಾಗಿ ನಾವು ಪ್ರದಕ್ಷಿಣೆ ಬರುವ ಕಡೆಗೇ ಸಾಗುತ್ತದೆ. ಇಲ್ಲಿನ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ. ಗೋಡೆಗೆ ಮುಖ ಮಾಡಿ ನಿಂತು ಯೋಚಿಸಿ. ಪ್ರದಕ್ಷಿಣೆಯ ಕಥೆ ಬಲದಿಂದ ಎಡಕ್ಕೆ ಹೋಗುತ್ತದೆ, ಜಪಾನಿನ ಕಾಮಿಕ್ಸ್ ಆದ ಮಾಂಗಾದ ಹಾಗೆ. ಅಮೃತಾಪುರದ ರಾಮಾಯಣ ಎಡದಿಂದ ಬಲಕ್ಕೆ, ನಾವು ಓದುವ ಪುಸ್ತಕದ ಹಾಗೆ. ಯಾವ ಕಡೆಯಿಂದಾದರೂ ಸರಿ, ಒಮ್ಮೆ ಹಿಡಿದ ದಿಕ್ಕನ್ನು ಬಿಡಬಾರದು.

ಪುಟ ತಿರುಗಿಸುವುದನ್ನೂ ನಾನು ಅಷ್ಟೇ ಗಮನವಿಟ್ಟು ನೋಡುತ್ತೇನೆ. ಪುಸ್ತಕ ತೆರೆದಾಗ ಬಲಗಡೆ ಬರುವುದು ಬೆಸ ಸಂಖ್ಯೆಯ ಪುಟ. ಅದರ ಕೊನೆಯ ಚೌಕಟ್ಟು ನೋಡಿದ ಕೂಡಲೇ ಕೈ ತಾನಾಗಿ ಹಾಳೆ ತಿರುವಬೇಕು. ಬಾಗಿಲು ತಟ್ಟಿದ ಸದ್ದು ಇಲ್ಲಿ, ಬಾಗಿಲಲ್ಲಿ ನಿಂತವರು ಯಾರು ಅನ್ನುವುದು ಹಾಳೆ ತಿರುವಿದ ಮೇಲೆ, ಎಡಪುಟದ ಮೊದಲಲ್ಲಿ. ಅದೇ ಮುಖವನ್ನು ಬಲಪುಟದಲ್ಲಿ ದೊಡ್ಡದಾಗಿ ಬರೆದರೆ ಏನಾಗುತ್ತದೆ? ಓದುಗ ಎಡಪುಟದಲ್ಲಿ ಇನ್ನೂ ಮೊದಲ ಸಾಲಿನಲ್ಲಿರುವಾಗಲೇ ಕಣ್ಣು ಆ ಕಡೆ ಕದ್ದು ನೋಡಿಬಿಡುತ್ತದೆ. ಗುಟ್ಟು ರಟ್ಟು. ಎಷ್ಟೋ ಪುಸ್ತಕಗಳಲ್ಲಿ ಮುನ್ನುಡಿಗೆ ಅಂತ ಕೊನೆ ಗಳಿಗೆಯಲ್ಲಿ ಒಂದು ಪುಟ ಜಾಸ್ತಿ ಸೇರಿಸಿ, ಎಡದವೆಲ್ಲ ಬಲಕ್ಕೆ ಸರಿದು, ಚಿತ್ರಕಾರರು ಲೆಕ್ಕ ಹಾಕಿ ಇಟ್ಟಿದ್ದ ಅಚ್ಚರಿಗಳೆಲ್ಲ ಹಾಳಾಗಿರುತ್ತವೆ. ಮೊಬೈಲಿಗೆ ಅಂತಲೇ ಬರೆದ ಕಾಮಿಕ್ಸ್‌ನ ಲೆಕ್ಕ ಬೇರೆ. ಕೊರಿಯಾದ ವೆಬ್‌ಟೂನ್‌ಗಳಲ್ಲಿ ಬೆರಳು ಮೇಲಕ್ಕೆ ಸರಿಸುತ್ತಾ ಹೋಗುತ್ತೇವೆ. ಅಲ್ಲಿ ಎರಡು ಚಿತ್ರಗಳ ನಡುವಿನ ಖಾಲಿ ಜಾಗ ಎಷ್ಟು ಉದ್ದವೋ ಅಷ್ಟು ಹೊತ್ತು ಉಸಿರು ಬಿಗಿಹಿಡಿಯಬೇಕು.

ಇನ್ನು ಮಾತು. ಯಕ್ಷಗಾನದಲ್ಲಿ ಭಾಗವತರು ಪದ್ಯ ಹಾಡಿದ ಮೇಲೆ ವೇಷಧಾರಿ ಅರ್ಥ ಹೇಳುತ್ತಾರೆ. ಪದ್ಯದಲ್ಲಿ ಇದ್ದುದನ್ನೇ ಗದ್ಯ ಮಾಡಿ ಒಪ್ಪಿಸಿದರೆ ಸಭೆ ಆಕಳಿಸುತ್ತದೆ. ಪದ್ಯ ಎಲ್ಲಿ ನಿಂತಿತೋ ಅಲ್ಲಿಂದ ಮುಂದಕ್ಕೆ ಎಳೆದರೆ ಅರ್ಥಗಾರಿಕೆ. ಕಾಮಿಕ್ಸ್‌ನಲ್ಲೂ ಹೀಗೇ. ಚಿತ್ರದಲ್ಲಿ ರಾಜ ಕುದುರೆ ಏರುತ್ತಿದ್ದಾನೆ, ಮೇಲಿನ ಪಟ್ಟಿಯಲ್ಲಿ "ರಾಜನು ಕುದುರೆಯನ್ನು ಏರಿದನು" ಅಂತ ಇದೆ. ಅದು ಯಾಕೆ ಬೇಕು?

ಈ ಅಭ್ಯಾಸ ಎಲ್ಲಿಂದ ಬಂತು ಅನ್ನುವುದರ ಬಗ್ಗೆ ನನಗೊಂದು ಊಹೆ ಇದೆ. ಅಮರ ಚಿತ್ರ ಕಥೆ ಓದಿ ಬೆಳೆದವರು ನಾವು. ಆ ಮಾಲೆಯ ಬೇರು ಕನ್ನಡದಲ್ಲೇ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಸಲಹೆಯಿಂದ ಮೊದಲು ಬಂದದ್ದು ಹತ್ತು ಕನ್ನಡ ಪುಸ್ತಕಗಳು. ಅದಕ್ಕೇ ಅನಂತ ಪೈ ಅವರ ಸಂಪಾದಕತ್ವದಲ್ಲಿ ಬಂದ ಇಂಗ್ಲಿಷ್ 'ಕೃಷ್ಣ'ನ ಸಂಖ್ಯೆ 11. ರಾಮ್ ವಾಯೀರ್ಕರ್ ಅದರ ಚಿತ್ರಕಾರರು. ಆ ಮಾಲೆಯಲ್ಲಿ ದೊಡ್ಡ ದೊಡ್ಡ ಕಥೆಗಳು 32 ಪುಟದಲ್ಲಿ ಮುಗಿಯಬೇಕಿತ್ತು. ಎರಡು ಚೌಕಟ್ಟುಗಳ ನಡುವೆ ಹತ್ತು ವರ್ಷ ದಾಟಬೇಕಾದರೆ ಮೇಲೊಂದು ಸಾಲು ಬೇಕೇ ಬೇಕು. ಆ ಸಾಲು ಅಲ್ಲಿ ದುಡಿಯುತ್ತಿತ್ತು. ಈಗ 120 ಪುಟ ಕೈಯಲ್ಲಿರುವವರೂ ಅದೇ ರೂಢಿಯಲ್ಲಿ ಪ್ರತಿ ಚೌಕಟ್ಟಿನ ತಲೆಯ ಮೇಲೆ ಪಟ್ಟಿ ಹಾಕುತ್ತಾರೆ. ಅಲ್ಲಿ ಅದಕ್ಕೆ ಕೆಲಸವೇ ಇಲ್ಲ. ಹೊಸ ಪುಸ್ತಕ ನೋಡುವಾಗ ಇಂಥ ಪಟ್ಟಿಗಳನ್ನು ಬೆರಳಿನಿಂದ ಮುಚ್ಚಿ ನೋಡುತ್ತೇನೆ. ಮುಚ್ಚಿದರೂ ಕಥೆ ಮುಕ್ಕಾಗದಿದ್ದರೆ ಬರೆದವರಿಗೆ ಚಿತ್ರದ ಮೇಲೆ ನಂಬಿಕೆ ಇಲ್ಲ ಅಂತಲೇ ನನ್ನ ತೀರ್ಮಾನ.

ಅಕ್ಷರದ ವಿಷಯ ಬಂದರೆ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಕೈಯಾರೆ ಮಾಡಿದ ಕೆಲಸ ಅದು. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲ ದೊಡ್ಡಕ್ಷರ. ತಲೆ ಸಮ, ಬುಡ ಸಮ. ಸಾಲುಗಳನ್ನು ಇಟ್ಟಿಗೆ ಪೇರಿಸಿದ ಹಾಗೆ ಪೇರಿಸಬಹುದು. ನಮ್ಮ ಅಕ್ಷರ ಹಾಗಲ್ಲ. ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ದೀರ್ಘ, ಕೆಳಗೆ ಒತ್ತು. 'ರಾಷ್ಟ್ರ' ಅಂತ ಬರೆದರೆ ಎರಡು ಒತ್ತು ಜೋತುಬೀಳುತ್ತವೆ. ಸಾಲಿನ ನಡುವೆ ಜಾಗ ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಜಾಗ ಕೊಟ್ಟರೆ ಇಂಗ್ಲಿಷಿನ ಅಳತೆಗೆ ಬರೆದ ಬಲೂನಿನಲ್ಲಿ ಮಾತು ಹಿಡಿಸುವುದಿಲ್ಲ. ಆಗ ಅಕ್ಷರ ಸಣ್ಣದು ಮಾಡುತ್ತಾರೆ. ಒಂದೇ ಪುಟದಲ್ಲಿ ಒಬ್ಬನ ಮಾತು ದಪ್ಪ, ಇನ್ನೊಬ್ಬನದು ಸಣ್ಣ. ಓದುವವರಿಗೆ ಮೊದಲನೆಯವನು ಕೂಗುತ್ತಿದ್ದಾನೆ, ಎರಡನೆಯವನು ಪಿಸುಗುಟ್ಟುತ್ತಿದ್ದಾನೆ ಅನ್ನಿಸುತ್ತದೆ.

ಒಮ್ಮೆ ನನ್ನ ಮುಂದೆ ಬಂದ ಅನುವಾದದಲ್ಲಿ, ಗುಹೆಯೊಳಗೆ ಬಂಡೆ ಉರುಳಿದಾಗ ಹುಡುಗ ಹೀಗೆ ಕೂಗುತ್ತಿದ್ದ: "ನಾವು ಸಿಕ್ಕಿಹಾಕಿಕೊಂಡುಬಿಟ್ಟಿದ್ದೇವೆ!" ಕನ್ನಡ ಏನೂ ತಪ್ಪಿಲ್ಲ. ಆದರೆ ಅಷ್ಟುದ್ದದ ಪದವನ್ನು ಹೆಬ್ಬೆರಳಿನಷ್ಟು ಅಗಲದ ಬಲೂನಿನಲ್ಲಿ ಎಲ್ಲಿ ಮುರಿಯಲಿ? ಬಂಡೆ ಬೀಳುತ್ತಿರುವಾಗ ಯಾವ ಹುಡುಗ ಅಷ್ಟುದ್ದ ಮಾತಾಡುತ್ತಾನೆ? "ಸಿಕ್ಕಿಬಿದ್ವಿ!" ಅಂತ ಮಾಡಿದೆವು. ಬಲೂನಿನಲ್ಲಿ ಗಾಳಿ ಆಡಿತು, ಹುಡುಗನ ದನಿಯೂ ಕೇಳಿಸಿತು. ಅಂದಿನಿಂದ ಬಲೂನಿನಲ್ಲಿ ಎರಡು ಸಾಲಿಗಿಂತ ಉದ್ದದ ಕೂಗು ಕಂಡರೆ ಪೆನ್ಸಿಲ್ ಗುರುತು ಹಾಕುತ್ತೇನೆ.

ಸದ್ದಿನ ಪದಗಳೂ ಹಾಗೇ. ಧಡಾರ್, ಠಣ್, ಚಟ್, ಸರ್ರನೆ, ಧೋ ಅಂತ ಸುರಿಯುವ ಮಳೆ, ಜಿಟಿಜಿಟಿ ಹಿಡಿದ ಮಳೆ. ಇಷ್ಟೆಲ್ಲ ಇರುವ ಭಾಷೆಯಲ್ಲಿ 'ಕ್ರ್ಯಾಶ್' 'ಬೂಮ್' ಅಂತ ಅಚ್ಚಾಗಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಸದ್ದನ್ನು ಚಿತ್ರದ ಭಾಗವಾಗಿ ಕೈಯಲ್ಲೇ ಬರೆದಿದ್ದಾರೋ, ಕಂಪ್ಯೂಟರಿನ ಫಾಂಟಿನಲ್ಲಿ ಮೇಲಿಂದ ಅಂಟಿಸಿದ್ದಾರೋ ಅನ್ನುವುದೂ ನೋಡಿದ ಕೂಡಲೇ ಗೊತ್ತಾಗುತ್ತದೆ.

ಬಲೂನ್ ಅಂದರೆ ಮಾತು ತುಂಬುವ ಡಬ್ಬಿ ಅಂದುಕೊಂಡವರಿಗೆ ನಾನು 2011ರಲ್ಲಿ ಬಂದ 'ಭೀಮಾಯಣ' ತೋರಿಸುತ್ತೇನೆ. ಅಂಬೇಡ್ಕರ್ ಅವರ ಬದುಕಿನ ಕಥೆ. ಚಿತ್ರ ಬರೆದವರು ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಅಲ್ಲಿ ಚೌಕಾಕಾರದ ಚೌಕಟ್ಟುಗಳಿಲ್ಲ. ಗೊಂಡರು ಮನೆಯ ಗೋಡೆ, ನೆಲದ ಮೇಲೆ ಬರೆಯುವ ದಿಗ್ನಾ ವಿನ್ಯಾಸವೇ ಬಳುಕುತ್ತಾ ಪುಟವನ್ನು ಭಾಗ ಮಾಡುತ್ತದೆ. ಮೆದು ಮಾತಿಗೆ ಹಕ್ಕಿಯಾಕಾರದ ಬಲೂನು. ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿಯ ಬಾಲ. ಬಾಲಕ ಭೀಮ ನೀರು ಕೇಳಿದಾಗ ಬರುವ ಉತ್ತರವನ್ನು ಓದುವ ಮೊದಲೇ ಆ ಕೊಂಡಿ ಕಣ್ಣಿಗೆ ಚುಚ್ಚುತ್ತದೆ. ಚಿತ್ರ ಮತ್ತು ಮಾತು ಕಲಸಿಕೊಂಡಾಗ ಅಂತ ನಾನು ಮೊದಲು ಹೇಳಿದ್ದು ಇದನ್ನೇ.

ಗೆರೆ ನಾಜೂಕಾಗಿಲ್ಲ ಅಂತ ಹೊಸಬರ ಪುಸ್ತಕವನ್ನು ಪಕ್ಕಕ್ಕಿಡುವವರ ಜೊತೆ ನನ್ನ ಜಗಳ ಇದ್ದೇ ಇದೆ. ಸಾಮಾನ್ಯವಾಗಿ ಚಿತ್ರವನ್ನು ಅಚ್ಚಿನ ಅಳತೆಗಿಂತ ದೊಡ್ಡದಾಗಿ ಬರೆದು ಕುಗ್ಗಿಸುತ್ತಾರೆ. ಕುಗ್ಗಿದಾಗ ಗೆರೆ ಚೂಪಾಗುತ್ತದೆ, ಕೈ ನಡುಗಿದ್ದು ಮುಚ್ಚಿಹೋಗುತ್ತದೆ. ಅಮೆರಿಕದ ಚಿತ್ರಕಾರ ಆರ್ಟ್ ಸ್ಪೀಗಲ್‌ಮನ್ ತಮ್ಮ 'ಮೌಸ್' ಪುಸ್ತಕವನ್ನು ಅಚ್ಚಾಗುವ ಅಳತೆಯಲ್ಲೇ ಬರೆದರು. ನಾಜಿ ಶಿಬಿರದಿಂದ ಬದುಕಿ ಬಂದ ಅಪ್ಪನ ಕಥೆ. ಗೆರೆ ಒರಟು, ಚೌಕಟ್ಟು ಇಕ್ಕಟ್ಟು. ಮಗ ಅಪ್ಪನ ಮಾತು ಕೇಳುತ್ತಾ ಡೈರಿಯಲ್ಲಿ ಬರೆದುಕೊಂಡ ಹಾಗೆ ಕಾಣುತ್ತದೆ. ಆ ಕಥೆಗೆ ಅದೇ ಸರಿ. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಬೆರಳು ಸೊಟ್ಟ ಬರೆದ ಚಿತ್ರಕಾರರನ್ನು ನಾನು ಮನ್ನಿಸುತ್ತೇನೆ. ಆದರೆ ನೋವಿನ ಹೊತ್ತಲ್ಲಿ ಪಾತ್ರದ ಕೈ ಏನು ಮಾಡುತ್ತಿದೆ ಅಂತ ಯೋಚಿಸದೆ, ಎರಡೂ ಕೈಗಳನ್ನು ಚೌಕಟ್ಟಿನ ಆಚೆಗೆ ಬಚ್ಚಿಟ್ಟರೆ ಮನ್ನಿಸಲಾರೆ.

ಬಣ್ಣದ ಬಗ್ಗೆ ಒಂದೇ ಮಾತು. ಪುಟವನ್ನು ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿ ನೋಡಿ. ಮುಖ್ಯ ಪಾತ್ರ ಹಿನ್ನೆಲೆಯಲ್ಲಿ ಕರಗಿಹೋದರೆ ಬಣ್ಣ ಬರೀ ಸಿಂಗಾರಕ್ಕೆ ಬಂದಿದೆ ಅಂತ ಅರ್ಥ.

ಇತ್ತೀಚೆಗೆ ಇನ್ನೊಂದು ಪರೀಕ್ಷೆ ಸೇರಿಸಿಕೊಳ್ಳಬೇಕಾಗಿದೆ. ಎಐ ಯಂತ್ರದಿಂದ ಬರೆಸಿದ ಚಿತ್ರಗಳನ್ನು ಜೋಡಿಸಿದ ಪುಸ್ತಕಗಳು ಬರುತ್ತಿವೆ. ಒಂದೊಂದು ಚಿತ್ರವೂ ಝಗಮಗ. ನಾನು ನೋಡುವುದು ಮೂಗುತಿ, ಗುಂಡಿ, ಜೇಬು. ಮೂಗುತಿ ಒಂದು ಚೌಕಟ್ಟಿನಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಇದ್ದರೆ ಆ ಹೆಂಗಸಿನ ಜೊತೆ ಚಿತ್ರಕಾರರು ಒಂದು ದಿನವೂ ಕಳೆದಿಲ್ಲ. ಪಾತ್ರವನ್ನು ಇನ್ನೂರು ಸಲ ಕೈಯಾರೆ ಬರೆದವರಿಗೆ ಅವಳ ಮೂಗುತಿ ಮರೆಯಲು ಸಾಧ್ಯವೇ ಇಲ್ಲ.

ಮೊದಲು ಹೇಳಿದ ಆ ಬಾವಿಕಟ್ಟೆಯ ಪುಸ್ತಕದಲ್ಲೂ, ಒಂಬತ್ತನೇ ಪುಟದ ಮೂರನೇ ಚೌಕಟ್ಟಿನಲ್ಲಿ ಅಣ್ಣನ ಅಂಗಿಯ ಜೇಬು ಬಲಗಡೆ ಇತ್ತು. ಉಳಿದ ಕಡೆಯೆಲ್ಲ ಎಡಗಡೆ. ಯಂತ್ರದ ಕೆಲಸ ಇರಬಹುದೇ ಅಂತ ಅನುಮಾನ ಬಂತು. ಅನುಮಾನವನ್ನೇ ಬರೆದು ಒಬ್ಬರ ಹೆಸರು ಕೆಡಿಸುವುದು ಸರಿಯಲ್ಲ. ಸಂಪಾದಕರಿಂದ ನಂಬರ್ ಪಡೆದು ಚಿತ್ರಕಾರ್ತಿಗೇ ಫೋನ್ ಮಾಡಿದೆ.

"ಆ ಪುಟಾನಾ ಸರ್?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅದು ಮೊದಲು ಹಾಗಿರಲಿಲ್ಲ. ಪೇಂಟಿಂಗ್ ಎಲ್ಲ ಮುಗಿದ ಮೇಲೆ ಮಾತು ಜಾಸ್ತಿ ಆಯ್ತು. ತಂಗಿ ಮೊದಲು ಮಾತಾಡಬೇಕು, ಅವಳ ಬಲೂನ್ ಎಡಗಡೆ ಬರಬೇಕು ಅಂತ ಲೇಔಟ್‌ನಲ್ಲಿ ಆ ಒಂದು ಚಿತ್ರಾನ ಕನ್ನಡಿ ಹಿಡಿದ ಹಾಗೆ ತಿರುಗಿಸಿಬಿಟ್ಟರು. ಪುಸ್ತಕ ಕೈಗೆ ಬಂದ ಮೇಲೇ ನಾನು ನೋಡಿದ್ದು."

ಮೊದಲಿನ ಪುಟವನ್ನು ಅಂದೇ ಸಂಜೆ ವಾಟ್ಸಾಪ್‌ನಲ್ಲಿ ಕಳಿಸಿದರು. ಪುಟದುದ್ದಕ್ಕೂ ಅಣ್ಣ ಎಡಕ್ಕೆ, ತಂಗಿ ಬಲಕ್ಕೆ, ನಡುವೆ ಬಾವಿಯ ರಾಟೆ. ಕೊನೆಯದರಲ್ಲಿ ಅವಳು ಬಲಗಡೆ ಅಂಚಿನಿಂದ ಆಚೆಗೆ, ಹಾಳೆ ತಿರುಗುವ ಕಡೆಗೇ ಓಡುತ್ತಿದ್ದಳು. ಬಿಂದಿಗೆ ಕಟ್ಟೆಯ ಮೇಲೇ ಉಳಿದಿತ್ತು. ಒಂದು ಬಲೂನೂ ಇರಲಿಲ್ಲ. ಎರಡನೇ ಮುದ್ರಣಕ್ಕೆ ಇದನ್ನೇ ಹಾಕಬೇಕು ಅಂತ ವಿಮರ್ಶೆಯಲ್ಲಿ ಪುಟಸಂಖ್ಯೆ ಸಮೇತ ಬರೆದು ಕಳಿಸಿದೆ.