ಲಾಗ್ ಫೈಲ್‌ನಲ್ಲಿರುವುದು ಕಸ ಅಲ್ಲ

ಮೊನ್ನೆ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಒಂದು ಲಾಗ್ ಫೈಲ್ (ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್) ತೆರೆದು ತೋರಿಸಿದಳು. ಸಾಲು ಸಾಲಿಗೂ ಒಂದು ಚೌಕ ಆವರಣ, 31, ಆಮೇಲೆ ಸಣ್ಣ ಎಂ. "ಸರ್, ಫೈಲ್ ಕೆಟ್ಟುಹೋಗಿದೆ ಅಲ್ವಾ?" ಕೆಟ್ಟಿರಲಿಲ್ಲ. ಮುಂದಿನ ಅಕ್ಷರಗಳನ್ನು ಕೆಂಪಾಗಿ ತೋರಿಸು ಅಂತ ಟರ್ಮಿನಲ್‌ಗೆ, ಅಂದರೆ ಬರೀ ಅಕ್ಷರಗಳಲ್ಲಿ ಕೆಲಸ ಮಾಡುವ ಪರದೆಗೆ, ಕೊಟ್ಟ ಆದೇಶ ಅದು. ಎಡಿಟರ್‌ಗೆ ಅದು ಬರೀ ಅಕ್ಷರ.

ಇದರ ಬೇರು 1970ರ ದಶಕದಲ್ಲಿದೆ. ಆಗ ಒಂದೊಂದು ಟರ್ಮಿನಲ್‌ಗೂ ಒಂದೊಂದು ಭಾಷೆ. ಕರ್ಸರನ್ನು ಬೇಕಾದ ಜಾಗಕ್ಕೆ ಒಯ್ಯಲು ಡೆಕ್ ಕಂಪನಿಯ ವಿಟಿ52ಗೆ ಎಸ್ಕೇಪ್ (ಪರದೆಯಲ್ಲಿ ಕಾಣದ ಒಂದು ನಿಯಂತ್ರಣ ಅಕ್ಷರ) ಮತ್ತು ವೈ ಕಳಿಸಬೇಕು. ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎಗೆ ಎಸ್ಕೇಪ್ ಮತ್ತು ಸಮ ಚಿಹ್ನೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರೋಗ್ರಾಮರ್ ಬಿಲ್ ಜಾಯ್ ಇಂಥ ವ್ಯತ್ಯಾಸಗಳನ್ನೆಲ್ಲ ಒಂದು ಪಟ್ಟಿಗೆ ಸೇರಿಸಿ ಟರ್ಮ್‌ಕ್ಯಾಪ್ ಮಾಡಿದರು.

ಎಲ್ಲರಿಗೂ ಒಂದೇ ನಿಯಮ ಅಂತ ಯುರೋಪಿನ ಎಕ್ಮಾ ಸಂಸ್ಥೆ 1976ರಲ್ಲಿ ಎಕ್ಮಾ-48 ಎಂಬ ಮಾನದಂಡ ತಂದಿತು. 1979ರಲ್ಲಿ ಅಮೆರಿಕದ ಆನ್ಸಿ ಎಕ್ಸ್3.64 ಬಂತು, ಮುಂದೆ ಐಎಸ್ಒ 6429. ಆದರೆ ಜನರ ಕೈಗೆ ಇದನ್ನು ತಲುಪಿಸಿದ್ದು ಡೆಕ್‌ನ 1978ರ ಟರ್ಮಿನಲ್ ವಿಟಿ100. ಇವತ್ತಿನ ಟರ್ಮಿನಲ್ ಕಿಟಕಿಗಳೂ ಅದರ ನಡೆಯನ್ನೇ ಅನುಸರಿಸುತ್ತವೆ.

ನನಗೆ ಬಹಳ ಇಷ್ಟವಾಗುವುದು ಈ ಆದೇಶಗಳ ಕಟ್ಟಡ. ಮೊದಲು ಎಸ್ಕೇಪ್, ಅಂದರೆ ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ 27ನೇ ಕೋಡ್. ನಂತರ ಚೌಕ ಆವರಣ. ಆಮೇಲೆ ನಡುವೆ ಅರ್ಧವಿರಾಮ (;) ಹಾಕಿ ಬರೆದ ಅಂಕಿಗಳು. ಕೊನೆಗೆ ಒಂದು ಅಕ್ಷರ, ಅದರ ಕೋಡ್ ಯಾವಾಗಲೂ 64ರಿಂದ 126ರ ಒಳಗೆ. ಅಂಕಿಗಳ ಕೋಡ್ ಅಷ್ಟು ಮೇಲೆ ಹೋಗುವುದೇ ಇಲ್ಲ. ಹಾಗಾಗಿ ಗೊತ್ತಿಲ್ಲದ ಆದೇಶ ಬಂದರೂ ಅದು ಎಲ್ಲಿ ಮುಗಿಯಿತು ಅಂತ ಟರ್ಮಿನಲ್‌ಗೆ ತಿಳಿಯುತ್ತದೆ, ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ವಿಟಿ52ನಲ್ಲಿ ಈ ಅನುಕೂಲ ಇರಲಿಲ್ಲ. ವೈ ಆದಮೇಲೆ ಇನ್ನೂ ಎರಡು ಅಕ್ಷರ ಬರುತ್ತವೆ ಅಂತ ಮೊದಲೇ ಗೊತ್ತಿರಬೇಕಿತ್ತು.

ಬಣ್ಣ ಜಾಸ್ತಿ ಬೇಕಾದಾಗ ಮಾತ್ರ ಈ ಕಟ್ಟಡಕ್ಕೆ ಪೆಟ್ಟು ಬಿತ್ತು. 256 ಬಣ್ಣಗಳಿಗೆ 38, 5, ನಂತರ ಬಣ್ಣದ ಸಂಖ್ಯೆ. ಇವುಗಳ ನಡುವೆ ವಿವರಣ ಚಿಹ್ನೆ (:) ಇರಬೇಕಿತ್ತು, ಬಳಕೆಗೆ ಬಂದದ್ದು ಅರ್ಧವಿರಾಮ. 38 ಗೊತ್ತಿಲ್ಲದ ಹಳೆಯ ಟರ್ಮಿನಲ್ ಅದನ್ನು ಬಿಟ್ಟು 5ನ್ನು ಬೇರೆ ಆದೇಶ ಅಂದುಕೊಳ್ಳುತ್ತದೆ. 5 ಅಂದರೆ ಮಿಣುಕು! ಬಣ್ಣ ಕೇಳಿದರೆ ಅಕ್ಷರ ಮಿಣುಕತೊಡಗುತ್ತದೆ.

ಆ ಹುಡುಗಿಯ ಪ್ರೋಗ್ರಾಮಿಗೆ ಒಂದೇ ಸಾಲು ಸೇರಿಸಿದೆವು: ಔಟ್‌ಪುಟ್ ಹೋಗುತ್ತಿರುವುದು ಟರ್ಮಿನಲ್‌ಗಾದರೆ ಮಾತ್ರ ಬಣ್ಣ ಹಾಕು, ಫೈಲ್‌ಗಾದರೆ ಬೇಡ.